‘ಆಯ್ತು’ಗೂ ‘ಆಯ್ತು ಕಣೇ’ಗೂ ಇರುವ ದೂರ

‘ನಾಳೆ ಹತ್ತಕ್ಕೆ ಬಸ್‌ಸ್ಟ್ಯಾಂಡ್ ಹತ್ರ ಬಾ’ ಎಂಬ ಮೆಸೇಜಿಗೆ ಮೂರು ಉತ್ತರ ಬಂದಿವೆ ಎಂದುಕೊಳ್ಳಿ. ಮೊದಲನೆಯದು ಬರೀ ‘ಆಯ್ತು’. ಎರಡನೆಯದು ‘ಆಯ್ತು ಕಣೇ, ಬರ್ತೀನಿ. ಛತ್ರಿ ತರ್ತೀಯಾ?’ ಮೂರನೆಯದು ‘ಆಯ್ತೂಊಊ’ ಎಂದು ಬಾಲ ಬೆಳೆಸಿಕೊಂಡು, ಕೊನೆಗೊಂದು ನಗುಮುಖವನ್ನೂ ಅಂಟಿಸಿಕೊಂಡಿದೆ. ಯಾವುದು ಹುಡುಗ ಬರೆದದ್ದು, ಯಾವುದು ಹುಡುಗಿ ಬರೆದದ್ದು ಎಂದು ಕೇಳಿದರೆ ಹೆಚ್ಚಿನವರು ತಡಮಾಡದೆ ಮೊದಲನೆಯದನ್ನು ಹುಡುಗನ ಖಾತೆಗೆ ಹಾಕಿ, ಉಳಿದೆರಡನ್ನು ಹುಡುಗಿಯರಿಗೆ ಹಂಚುತ್ತಾರೆ.

ಆದರೆ ಈ ಮೂರರಲ್ಲೂ ಬರೆದವರು ಯಾರೆಂದು ಹೇಳುವ ವ್ಯಾಕರಣದ ಗುರುತು ಒಂದೂ ಇಲ್ಲ. ‘ಕಣೇ’ ಹೇಳುವುದು ಓದುವವಳು ಹೆಣ್ಣು ಎಂಬುದನ್ನಷ್ಟೇ. ಬರೆದದ್ದು ಗೆಳತಿಯೋ, ತಮ್ಮನೋ, ಪ್ರೇಮಿಯೋ ಎಂದು ಅದು ಬಾಯಿ ಬಿಡುವುದಿಲ್ಲ. ‘ಬರ್ತೀನಿ’ಯಂತೂ ಇನ್ನೂ ಗುಟ್ಟಿನದು. ಹಿಂದಿಯ ಹುಡುಗ ‘ಜಾ ರಹಾ ಹೂಂ’ ಎಂದರೆ ಹುಡುಗಿ ‘ಜಾ ರಹೀ ಹೂಂ’ ಎನ್ನಲೇಬೇಕು. ಮರಾಠಿಯಲ್ಲಿ ಅವನು ‘ಜಾತೋ’, ಅವಳು ‘ಜಾತೇ’. ಕನ್ನಡದಲ್ಲಿ ‘ನಾನು’ ಎಂದು ಮಾತಾಡುವಾಗ ಕ್ರಿಯಾಪದಕ್ಕೆ ಲಿಂಗವೇ ಇಲ್ಲ: ಇಬ್ಬರೂ ಹೋಗ್ತೀನಿ, ಇಬ್ಬರೂ ಬಂದೆ, ಇಬ್ಬರೂ ತಿಂದೆ. ಅವನು ಬಂದ, ಅವಳು ಬಂದಳು ಎಂಬ ಭೇದ ಶುರುವಾಗುವುದು ಮೂರನೆಯವರ ಸುದ್ದಿ ಎತ್ತಿದಾಗ. ಹಾಗಾಗಿ ಗೊತ್ತಿಲ್ಲದ ನಂಬರಿನಿಂದ ಬಂದ ಕನ್ನಡದ ಮೆಸೇಜು ಓದಿ ‘ಇದು ಹುಡುಗಿ’ ಎಂದು ನಮಗೆ ಅನ್ನಿಸಿದರೆ, ಆ ಅನಿಸಿಕೆಯನ್ನು ಹುಟ್ಟಿಸಿದ್ದು ವ್ಯಾಕರಣವಲ್ಲ. ಸಂದೇಶದ ಉದ್ದ, ಕೊನೆಯ ಸ್ವರದ ಎಳೆತ, ನಗುಮುಖ, ಬೀಳ್ಕೊಡುವ ರೀತಿ, ಇಂಥ ಸಣ್ಣ ಸಣ್ಣ ಸಂಗತಿಗಳು. ಅವು ನಿಜಕ್ಕೂ ಗಂಡು ಹೆಣ್ಣಿನ ನಡುವೆ ಬೇರೆಯಾಗುತ್ತವೆಯೇ? ಆಗುವುದಾದರೆ ಎಷ್ಟು, ಯಾಕೆ? ಭಾಷಾವಿಜ್ಞಾನಿಗಳು ಇದನ್ನು ಎರಡು ದಶಕಕ್ಕೂ ಮೀರಿ ಎಣಿಸುತ್ತ ಬಂದಿದ್ದಾರೆ.

ಎಣಿಕೆಯ ಕಥೆಗೆ ಮೊದಲು ಅಕ್ಷರಗಳ ಲೆಕ್ಕವೊಂದಿದೆ. ಮೊದಲ ಎಸ್‌ಎಂಎಸ್ ಹೋದದ್ದು 1992ರ ಡಿಸೆಂಬರ್ 3ರಂದು, ಇಂಗ್ಲೆಂಡಿನಲ್ಲಿ. ನೀಲ್ ಪ್ಯಾಪ್‌ವರ್ತ್ ಎಂಬ ಯುವ ಎಂಜಿನಿಯರು ಕಂಪ್ಯೂಟರಿನಿಂದ ವೊಡಾಫೋನ್‌ನ ರಿಚರ್ಡ್ ಜಾರ್ವಿಸ್ ಅವರ ಫೋನಿಗೆ ಕ್ರಿಸ್‌ಮಸ್ ಶುಭಾಶಯ ಕಳಿಸಿದರು. ಒಂದು ಸಂದೇಶಕ್ಕೆ 160 ಅಕ್ಷರ ಸಾಕೆಂಬ ಮಿತಿ ಅದಕ್ಕೂ ಹಿಂದಿನದು. 1985ರಲ್ಲಿ ಜರ್ಮನಿಯ ಬಾನ್ ನಗರದಲ್ಲಿ ಫ್ರೀಡ್‌ಹೆಲ್ಮ್ ಹಿಲ್ಲೆಬ್ರಾಂಡ್ ತಮ್ಮ ಟೈಪ್‌ರೈಟರಿನಲ್ಲಿ ಮನಸ್ಸಿಗೆ ಬಂದ ವಾಕ್ಯಗಳನ್ನು ಹೊಡೆದು, ಅಕ್ಷರ ಎಣಿಸಿ, ಅಷ್ಟಿದ್ದರೆ ಸಾಕು ಎಂಬ ನಿರ್ಣಯಕ್ಕೆ ಬಂದಿದ್ದರು. ಆದರೆ ಆ 160 ರೋಮನ್ ಲಿಪಿಗೆ. ಕನ್ನಡದಂಥ ಲಿಪಿ ಯೂನಿಕೋಡ್‌ನಲ್ಲಿ ಹೋಗುವುದರಿಂದ ಅದೇ ಜಾಗದಲ್ಲಿ ಹಿಡಿಸುವುದು 70 ಮಾತ್ರ. ಒತ್ತಕ್ಷರಗಳು ಅದನ್ನೂ ತಿನ್ನುತ್ತವೆ: ‘ಸ್ತ್ರೀ’ ಎಂಬ ಒಂದೇ ಅಕ್ಷರ ಆರು ಮನೆ ನುಂಗುತ್ತದೆ. ಬಟನ್ ಫೋನುಗಳ ಕಾಲದಲ್ಲಿ ನಮ್ಮ ಹುಡುಗರು ಹುಡುಗಿಯರೆಲ್ಲ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಲು ಕಲಿತದ್ದಕ್ಕೆ ಕೀಲಿಮಣೆಯ ಜೊತೆ ಈ ಲೆಕ್ಕವೂ ಕಾರಣ. ಆ ಅಭ್ಯಾಸ ವಾಟ್ಸಾಪಿನಲ್ಲೂ ಉಳಿದಿದೆ.

ಎಣಿಸಿದವರಿಗೆ ಕಂಡದ್ದು

2003ರಲ್ಲಿ ಕ್ರಿಸ್ಪಿನ್ ಥರ್ಲೋ ಎಂಬ ವಿದ್ವಾಂಸರು ವೇಲ್ಸ್‌ನ ಕಾರ್ಡಿಫ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಂದ 544 ಸಂದೇಶಗಳನ್ನು ಸಂಗ್ರಹಿಸಿ ವಿಶ್ಲೇಷಣೆ ಪ್ರಕಟಿಸಿದರು. ಸರಾಸರಿ ಸಂದೇಶದ ಉದ್ದ 14 ಪದ, 65 ಅಕ್ಷರ. ಅಂದರೆ 160ರ ಅರ್ಧವೂ ಇಲ್ಲ! ಜಾಗ ಸಾಲದೆ ಮಕ್ಕಳು ಚುಟುಕಾಗಿ ಬರೆಯುತ್ತಾರೆ ಎಂಬ ಮಾತು ಅಲ್ಲಿಗೇ ಮುಗಿಯಿತು. ಎಳೆಯರ ಭಾಷೆ ಸಂಕ್ಷೇಪಗಳಲ್ಲಿ ಮುಳುಗಿಹೋಗಿದೆ ಎಂಬ ಗಾಬರಿಯೂ ಎಣಿಕೆಯ ಮುಂದೆ ನಿಲ್ಲಲಿಲ್ಲ. ಟೊರಾಂಟೊದ ಹದಿಹರೆಯದವರ ಹತ್ತು ಲಕ್ಷಕ್ಕೂ ಹೆಚ್ಚು ಪದಗಳ ಚಾಟ್ ಜಾಲಾಡಿದ ಸಾಲಿ ಟ್ಯಾಗ್ಲಿಯಮಾಂಟೆ ಮತ್ತು ಡೆರೆಕ್ ಡೆನಿಸ್, 2008ರಲ್ಲಿ, ‘ಲೋಲ್’ ಥರದ ಇಂಟರ್‌ನೆಟ್ ರೂಪಗಳು ಒಟ್ಟು ಪದಗಳಲ್ಲಿ 2.4% ಮಾತ್ರ ಎಂದು ತೋರಿಸಿದರು.

ಗಂಡು ಹೆಣ್ಣಿನ ವ್ಯತ್ಯಾಸವನ್ನೇ ಹುಡುಕಿದವರಲ್ಲಿ ಮುಖ್ಯರು ರಿಚ್ ಲಿಂಗ್. ಅವರ ಕ್ಷೇತ್ರ ನಾರ್ವೆ. ಆಯ್ದ ಜನರಿಗೆ ಫೋನ್ ಮಾಡಿಸಿ, ಕೊನೆಗೆ ಕಳಿಸಿದ ಕೆಲವು ಸಂದೇಶಗಳನ್ನು ಅವರಿಂದಲೇ ಓದಿಸಿ ಬರೆದುಕೊಳ್ಳುವ ವಿಧಾನ. ಹಾಗೆ ಸಿಕ್ಕಿದ್ದು 882 ಸಂದೇಶ. ಹೆಂಗಸರು, ಅದರಲ್ಲೂ ಎಳೆಯ ವಯಸ್ಸಿನವರು, ಗಂಡಸರಿಗಿಂತ ಉದ್ದವಾಗಿ ಬರೆಯುತ್ತಿದ್ದರು. ಅವರ ವಾಕ್ಯರಚನೆ ಹೆಚ್ಚು ಸಂಕೀರ್ಣವಾಗಿತ್ತು. ವಿರಾಮಚಿಹ್ನೆಗಳೂ ಹೆಚ್ಚು, ಶುರುವಿನ ನಮಸ್ಕಾರ ಕೊನೆಯ ವಿದಾಯಗಳೂ ಹೆಚ್ಚು. ಹುಡುಗಿಯರ ಮೆಸೇಜೆಂದರೆ ಚಿತ್ರ, ಚುಕ್ಕೆ, ಹಾರಾಟ ಎಂದುಕೊಂಡವರಿಗೆ ಇದು ಅನಿರೀಕ್ಷಿತ. ಲಿಂಗ್ ಕಂಡದ್ದು ಬರವಣಿಗೆಯ ಮೇಲಿನ ಹಿಡಿತವನ್ನು.

ವಾಷಿಂಗ್ಟನ್ನಿನ ಅಮೆರಿಕನ್ ಯೂನಿವರ್ಸಿಟಿಯಲ್ಲಿ ನವೋಮಿ ಬ್ಯಾರನ್ ಕಂಡದ್ದೂ ಅದಕ್ಕೆ ಹತ್ತಿರದ್ದೇ. 2004ರಲ್ಲಿ ಪ್ರಕಟವಾದ ಅವರ ಅಧ್ಯಯನ ಚಿಕ್ಕದು. ಕಾಲೇಜು ವಿದ್ಯಾರ್ಥಿಗಳ 23 ಇನ್‌ಸ್ಟಂಟ್ ಮೆಸೇಜ್ ಸಂಭಾಷಣೆಗಳು, ಹನ್ನೊಂದು ಸಾವಿರ ಚಿಲ್ಲರೆ ಪದಗಳು. ಆದರೆ ಅವರು ಎಣಿಸಿದ ವಿಷಯಗಳು ಸೊಗಸಾದವು. ಇಂಗ್ಲಿಷಿನಲ್ಲಿ ಎರಡು ಪದಗಳನ್ನು ಕೂಡಿಸಿ ಮೊಟಕು ಮಾಡುವ ಅವಕಾಶವಿದ್ದಾಗ ಹುಡುಗರು 77% ಸಲ ಮೊಟಕು ಮಾಡುತ್ತಿದ್ದರು, ಹುಡುಗಿಯರು 57% ಸಲ. ಮೊಟಕು ರೂಪ ಬಾಯಿಮಾತಿನ ಗುಣ, ಬಿಡಿಸಿದ ರೂಪ ಬರಹದ ಗುಣ. ನಮ್ಮಲ್ಲಿ ‘ಮಾಡ್ತೀನಿ’ಗೂ ‘ಮಾಡುತ್ತೇನೆ’ಗೂ ಇರುವಂಥ ಭೇದ. ಹುಡುಗರ ಚಾಟ್ ಮಾತಿಗೆ ಹತ್ತಿರ, ಹುಡುಗಿಯರ ಚಾಟ್ ಬರಹಕ್ಕೆ ಹತ್ತಿರ ಎಂಬುದು ಬ್ಯಾರನ್ ಅವರ ತೀರ್ಮಾನವಾಗಿತ್ತು. ನಗುಮುಖಗಳಲ್ಲಿ ಹೆಚ್ಚಿನವು ಹುಡುಗಿಯರ ಕಡೆಯವು.

ನನಗೆ ಅವರ ಲೆಕ್ಕಗಳಲ್ಲೆಲ್ಲ ಇಷ್ಟವಾದದ್ದು ಬೀಳ್ಕೊಡುವಿಕೆಯದು. ‘ಸರಿ, ಹೋಗಬೇಕು’ ಎಂಬ ಮೊದಲ ಸೂಚನೆಯಿಂದ ಸಂಭಾಷಣೆ ನಿಜಕ್ಕೂ ಮುಗಿಯುವತನಕ ಎಷ್ಟು ಸಂದೇಶ ಓಡಾಡುತ್ತವೆ? ಇಬ್ಬರು ಹುಡುಗಿಯರ ನಡುವೆ ಹೆಚ್ಚುಕಡಿಮೆ ಹತ್ತು, ಇಬ್ಬರು ಹುಡುಗರ ನಡುವೆ ನಾಲ್ಕು. ಇದನ್ನು ಓದಿದಾಗ ನಮ್ಮ ಹೊಸ್ತಿಲು ನೆನಪಾಗದಿರುವುದಿಲ್ಲ. ಊರಲ್ಲಿ ನೆಂಟರ ಮನೆಯಿಂದ ಹೊರಟ ಹೆಂಗಸರು ಅರಿಸಿನ ಕುಂಕುಮ ತೆಗೆದುಕೊಂಡು ಎದ್ದ ಮೇಲೆ ಒಂದು ಸುತ್ತು, ಹೊಸ್ತಿಲಲ್ಲಿ ಒಂದು ಸುತ್ತು, ಗೇಟಿನ ಹತ್ತಿರ ಮತ್ತೊಂದು ಸುತ್ತು ಮಾತಾಡುತ್ತಾರೆ. ಗಂಡಸರು ಅಷ್ಟು ಹೊತ್ತಿಗೆ ಬೈಕು ಸ್ಟಾರ್ಟ್ ಮಾಡಿಕೊಂಡು ಕಾಯುತ್ತಿರುತ್ತಾರೆ. ಮುಖ್ಯವಾದ ಸುದ್ದಿ, ಆರೋಗ್ಯದ ಚಿಂತೆ, ಮಗಳ ಮದುವೆಯ ಸಂಕಟ ಹೊರಬೀಳುವುದು ಬಹಳ ಸಲ ಆ ಹೊಸ್ತಿಲ ಮಾತಿನಲ್ಲೇ. ಕನ್ನಡಿಗರಾದ ನಾವು ಗಂಡಾಗಲಿ ಹೆಣ್ಣಾಗಲಿ ಬರೀ ‘ಹೋಗ್ತೀನಿ’ ಎಂದು ಎದ್ದವರೇ ಅಲ್ಲ, ‘ಹೋಗಿ ಬರ್ತೀನಿ’ ಎನ್ನುವವರು. ಚಾಟ್‌ನಲ್ಲಿ ‘ಸರಿ ಕಣೇ, ಮಲ್ಕೋತೀನಿ’, ‘ಹ್ಞೂಂ ಮಲ್ಕೋ’, ‘ಅಮ್ಮಂಗೆ ಹುಷಾರಾ ಈಗ?’, ‘ಪರ್ವಾಗಿಲ್ಲ’, ‘ನಾಳೆ ಹೇಳ್ತೀನಿ’, ‘ಗುಡ್‌ನೈಟ್’, ‘ಗುಡ್‌ನೈಟ್’ ಎಂದು ಹರಿಯುವ ಸಾಲು ಆ ಹೊಸ್ತಿಲ ಮಾತೇ. ಅದನ್ನು ಸಮಯ ಹಾಳು ಎಂದು ಎಣಿಸುವವರು ಮಧ್ಯದಲ್ಲಿರುವ ಅಮ್ಮನ ಹುಷಾರಿನ ಪ್ರಶ್ನೆಯನ್ನು ಓದದೆ ಬಿಟ್ಟವರು.

ನಗುಮುಖ, ಉದ್ಗಾರ, ಚುಕ್ಕೆ

ಹುಡುಗಿಯರು ಎಮೋಜಿ ಹೆಚ್ಚು ಬಳಸುತ್ತಾರೆ ಎಂಬುದಕ್ಕೆ ದೊಡ್ಡ ಪುರಾವೆ 2018ರದು. ಕೀಬೋರ್ಡ್ ಆ್ಯಪ್ ಒಂದನ್ನು ಬಳಸುವ, 183 ದೇಶಗಳ 1.34 ಲಕ್ಷ ಜನರ ಸುಮಾರು 40 ಕೋಟಿ ಸಂದೇಶಗಳನ್ನು ಸಂಶೋಧಕರು ಯಂತ್ರದಿಂದ ಪರಿಶೀಲಿಸಿದರು. ಹೆಂಗಸರ ಸಂದೇಶಗಳಲ್ಲಿ ಎಮೋಜಿ ಹೆಚ್ಚಿದ್ದವು. ಯಾವ ಎಮೋಜಿ, ಯಾವುದರ ಜೊತೆ ಯಾವುದು ಎಂಬ ಆಯ್ಕೆಯಲ್ಲೂ ವ್ಯತ್ಯಾಸವಿತ್ತು.

ಆದರೆ ಅದಕ್ಕೂ ಹದಿನೆಂಟು ವರ್ಷ ಹಿಂದೆ ಅಲೀಷಿಯಾ ವುಲ್ಫ್ ಮಾಡಿದ ಚಿಕ್ಕ ಅಧ್ಯಯನ ಹೇಳುವುದು ಇನ್ನೂ ಆಳವಾದದ್ದನ್ನು. ಅವರು ಇಂಟರ್‌ನೆಟ್ಟಿನ ಚರ್ಚಾಗುಂಪುಗಳಲ್ಲಿ ಗಂಡಸರೇ ತುಂಬಿರುವ, ಹೆಂಗಸರೇ ತುಂಬಿರುವ, ಇಬ್ಬರೂ ಬೆರೆತಿರುವ ಗುಂಪುಗಳನ್ನು ಹೋಲಿಸಿದರು. ತಮ್ಮತಮ್ಮಲ್ಲೇ ಇದ್ದಾಗ ಗಂಡಸರು ನಗುಮುಖ ಬಳಸುವುದು ಕಡಿಮೆ. ಬೆರೆತ ಗುಂಪಿಗೆ ಬಂದಾಗ ಯಾರು ಯಾರ ದಾರಿಗೆ ಬರಬೇಕು? ಗಂಡಸರ ಮಧ್ಯೆ ಹೆಂಗಸರು ತಣ್ಣಗಾಗುತ್ತಾರೆಂಬುದು ಅಂದಿನ ನಿರೀಕ್ಷೆ. ಆದದ್ದು ಬೇರೆ. ಗಂಡಸರೇ ಹೆಚ್ಚು ನಗುಮುಖ ಹಾಕತೊಡಗಿದರು. ಭಾವ ತೋರಿಸುವ ಚಿಹ್ನೆಗಳು ಗಂಡಸರಿಗೆ ಬಾರದೆ ಹೋಗಿರಲಿಲ್ಲ, ಗೆಳೆಯರ ಗುಂಪಿನಲ್ಲಿ ಅದಕ್ಕೆ ಪರವಾನಗಿ ಇರಲಿಲ್ಲ ಎಂದು ನಾನು ಇದನ್ನು ಓದುತ್ತೇನೆ. ಇಂದಿನ ಹುಡುಗರನ್ನು ನೋಡಿ: ಗೆಳತಿಗೆ ಕೆಂಪು ಹೃದಯ ಕಳಿಸುವವನೇ ಜೀವದ ಗೆಳೆಯನಿಗೆ ಅದೇ ಹೃದಯ ಕಳಿಸಬೇಕಾದರೆ ಮುಂದೊಂದು ಬೈಗುಳ ಕಟ್ಟಿ ಕಳಿಸುತ್ತಾನೆ. ಗೆಳೆಯರ ಗ್ರೂಪಿನಲ್ಲಿ ಬೈಗುಳ ಪ್ರೀತಿಯ ಹೊದಿಕೆ. ಆ ಹೊದಿಕೆಯಿಲ್ಲದೆ ‘ನಿನ್ನ ನೆನಪಾಗ್ತಿದೆ ಕಣೋ’ ಎಂದು ಬರೆಯಲು ಎಷ್ಟು ಹುಡುಗರಿಗೆ ಧೈರ್ಯವಿದೆ ಎಂದು ಯೋಚಿಸಿದರೆ ನನಗೆ ಅವರ ಬಗ್ಗೆ ಸಂಕಟವಾಗುತ್ತದೆ.

ಉದ್ಗಾರ ಚಿಹ್ನೆಯದೂ ಇಂಥದೇ ಕಥೆ. ಅದು ಹೆಂಗಸರ ಭಾವಾವೇಶದ ಗುರುತು ಎಂಬ ಮಾತು ಹಳೆಯದು. ಕ್ಯಾರಲ್ ವಾಸೆಲೆಸ್ಕಿ 2006ರಲ್ಲಿ ಗ್ರಂಥಾಲಯ ವೃತ್ತಿಯವರ ಇಮೇಲ್ ಚರ್ಚೆಗಳಿಂದ ಉದ್ಗಾರಗಳನ್ನು ಹೆಕ್ಕಿದಾಗ 73% ಹೆಂಗಸರವೇ ಆಗಿದ್ದವು. ಆದರೆ ಅವು ಮಾಡುತ್ತಿದ್ದ ಕೆಲಸವನ್ನು ವಿಂಗಡಿಸಿದಾಗ ಆವೇಶ ಕಾಣಿಸಲಿಲ್ಲ. ಹೆಚ್ಚಿನವು ಸ್ನೇಹ ತೋರಲು, ಇಲ್ಲವೇ ವಿಷಯವೊಂದನ್ನು ಖಚಿತವಾಗಿ ಹೇಳಲು ಬಂದಿದ್ದವು. ‘ಥ್ಯಾಂಕ್ಸ್!’ ಎಂಬಲ್ಲಿ ಆ ಗೀಟು ಕೂಗುತ್ತಿಲ್ಲ, ನಗುತ್ತಿದೆ.

ಪೂರ್ಣವಿರಾಮ ನಗುವುದಿಲ್ಲ. ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದಲ್ಲಿ ಸೀಲಿಯಾ ಕ್ಲಿನ್ ಮತ್ತು ಸಂಗಡಿಗರು 126 ವಿದ್ಯಾರ್ಥಿಗಳಿಗೆ ಸಣ್ಣ ಸಣ್ಣ ಸಂಭಾಷಣೆ ಕೊಟ್ಟು, ಒಂದೇ ಪದದ ಉತ್ತರ ಎಷ್ಟು ಪ್ರಾಮಾಣಿಕ ಅನ್ನಿಸುತ್ತದೆಂದು ಕೇಳಿದರು. ಉತ್ತರ ಫೋನಿನ ಸಂದೇಶವಾಗಿದ್ದಾಗ, ಕೊನೆಗೆ ಚುಕ್ಕೆ ಇದ್ದರೆ ಅದು ಕಡಿಮೆ ಪ್ರಾಮಾಣಿಕ. ಅದೇ ಉತ್ತರ ಕೈಬರಹದ ಚೀಟಿಯಲ್ಲಿದ್ದಾಗ ಚುಕ್ಕೆಯಿಂದ ಏನೂ ಆಗಲಿಲ್ಲ. ಮೆಸೇಜಿನಲ್ಲಿ ‘ಕಳಿಸು’ ಒತ್ತಿದರೆ ವಾಕ್ಯ ತಾನೇ ಮುಗಿಯುತ್ತದೆ. ಮುಗಿದದ್ದಕ್ಕೆ ಮತ್ತೊಂದು ಚುಕ್ಕೆ ಇಟ್ಟರೆ ಓದುವವರು ಅದರಲ್ಲಿ ಮುನಿಸು ಹುಡುಕುತ್ತಾರೆ. ಮಗಳ ‘ಅಪ್ಪಾ ಲೇಟಾಗತ್ತೆ’ಗೆ ಅಪ್ಪ ಶಿಸ್ತಾಗಿ ‘ಆಯ್ತು.’ ಎಂದು ಬರೆದು ನಿಶ್ಚಿಂತರಾಗಿ ಕೂತರೆ, ಆ ಕಡೆ ಅವಳು ‘ಅಪ್ಪಂಗೆ ಕೋಪ ಬಂದಿದೆ’ ಎಂದು ಅರ್ಧ ದಾರಿಯಲ್ಲಿ ತಿರುಗಿರುತ್ತಾಳೆ. ಇಲ್ಲಿ ಬಿರುಕು ಗಂಡು ಹೆಣ್ಣಿನದಕ್ಕಿಂತ ತಲೆಮಾರಿನದು.

ಕನ್ನಡದ ಬಾಲಗಳು

ಇಂಗ್ಲಿಷಿನವರು ‘ಸ್ವರ ಎಳೆಯುವುದು’ ಎಂದು ಹೊಸ ವಿಷಯವೆಂಬಂತೆ ಅಧ್ಯಯನ ಮಾಡುವ ‘ಬಾರೇಏಏ’, ‘ಪ್ಲೀಈಈಸ್’ಗಳಿಗೆ ನಮ್ಮ ವ್ಯಾಕರಣದಲ್ಲಿ ಹಿಂದಿನಿಂದಲೂ ಹೆಸರಿದೆ: ಪ್ಲುತ. ಹ್ರಸ್ವ ಒಂದು ಮಾತ್ರೆ, ದೀರ್ಘ ಎರಡು, ಪ್ಲುತ ಮೂರು. ದೂರದವರನ್ನು ಕರೆಯುವಾಗ, ಅಳುವಾಗ, ಹಾಡುವಾಗ ಬರುವ ಸ್ವರ ಅದು. ಅಕ್ಷರದ ಮುಂದೆ ‘೩’ ಎಂದು ಬರೆದು ಗುರುತಿಸುತ್ತಿದ್ದರು. ಫೋನು ಮತ್ತೆ ಪ್ಲುತವನ್ನು ತಂದಿದೆ, ಯಾಕೆಂದರೆ ಮೆಸೇಜು ನಿಜಕ್ಕೂ ದೂರದಿಂದ ಕರೆಯುವ ಕ್ರಿಯೆ. ಅಮೆರಿಕದ ಟ್ವಿಟರ್ ಬರಹಗಳಲ್ಲಿ ಈ ಎಳೆತ ಹೆಂಗಸರ ಕಡೆ ಹೆಚ್ಚೆಂದು ಎಣಿಕೆಯಾಗಿದೆ. ನಮ್ಮಲ್ಲಿ ಕ್ರಿಕೆಟ್ ಮ್ಯಾಚಿನ ಕೊನೆಯ ಓವರಿನಲ್ಲಿ ಹುಡುಗರ ಗ್ರೂಪು ತೆರೆದು ನೋಡಿ, ‘ಗುರೂಊಊಊ’ಗಳ ಮಳೆ.

ಸಂಬೋಧನೆಗಳಲ್ಲಿ ಕನ್ನಡದಷ್ಟು ಶ್ರೀಮಂತಿಕೆ ಕಡಿಮೆ ಭಾಷೆಗಳಿಗಿದೆ. ಕಣೋ, ಕಣೇ, ಕಣಪ್ಪ, ಕಣಮ್ಮ, ಕಣ್ರೀ. ದಕ್ಷಿಣ ಕನ್ನಡಕ್ಕೆ ಹೋದರೆ ಮಾರಾಯ, ಮಾರಾಯ್ತಿ. ಧಾರವಾಡದ ಕಡೆ ಲೇ, ದೋಸ್ತ, ಯಪ್ಪಾ, ಯವ್ವಾ. ಇವುಗಳಲ್ಲಿ ಹೆಚ್ಚಿನವು ಓದುವವರ ಲಿಂಗ, ವಯಸ್ಸು, ಸಲುಗೆ ಮೂರನ್ನೂ ಒಂದೇ ಪದದಲ್ಲಿ ತೂಗಿಕೊಡುತ್ತವೆ. ಎಮೋಜಿ ಮಾಡುವ ಅರ್ಧ ಕೆಲಸವನ್ನು ‘ಕಣೇ’ ಮೊದಲಿನಿಂದಲೂ ಮಾಡುತ್ತಿತ್ತು. ‘ಬರಲ್ಲ’ ಎಂಬುದು ನಿರಾಕರಣೆ, ‘ಬರಲ್ಲ ಕಣೇ’ ಎಂಬುದು ಹೆಗಲ ಮೇಲೆ ಕೈ ಹಾಕಿ ಹೇಳಿದ ನಿರಾಕರಣೆ.

ಕಳೆದ ಕೆಲವು ವರ್ಷಗಳಲ್ಲಿ ಇಲ್ಲೊಂದು ಬದಲಾವಣೆ ಕಣ್ಣಿಗೆ ಕಟ್ಟುವಂತಿದೆ. ‘ಮಗಾ’, ‘ಮಚ್ಚಾ’ ಹುಡುಗರ ಸೊತ್ತಾಗಿದ್ದವು. ಈಗ ಬೆಂಗಳೂರು, ಮೈಸೂರಿನ ಕಾಲೇಜು ಹುಡುಗಿಯರು ಪರಸ್ಪರ ‘ಮಗಾ, ನೋಟ್ಸ್ ಕಳ್ಸು’ ಎಂದೇ ಬರೆಯುತ್ತಾರೆ. ‘ಬ್ರೋ’ ಕೂಡ ದಾಟಿ ಬಂದಿದೆ. ಎದುರು ದಿಕ್ಕಿನ ಸಂಚಾರ ಅಷ್ಟು ಸಲೀಸಲ್ಲ: ಹುಡುಗನೊಬ್ಬ ಇನ್ನೊಬ್ಬ ಹುಡುಗನಿಗೆ ತಮಾಷೆಗಲ್ಲದೆ ‘ಕಣೇ’ ಎನ್ನುವುದಿಲ್ಲ. ಗಂಡಿನ ಪದವನ್ನು ಹೆಣ್ಣು ಎತ್ತಿಕೊಂಡರೆ ಸಲುಗೆ, ಹೆಣ್ಣಿನ ಪದವನ್ನು ಗಂಡು ಎತ್ತಿಕೊಂಡರೆ ಅವಮಾನ. ಸಮಾಜದ ತಕ್ಕಡಿ ಎತ್ತ ವಾಲಿದೆ ಎಂದು ಒಂದು ಪ್ರತ್ಯಯ ತೋರಿಸಿಕೊಡುತ್ತದೆ.

ಹುಡುಗಿಯರು ಭಾಷೆಯಲ್ಲಿ ಮುಂದೆ ಹೋಗುವುದು ಹೊಸದೇನಲ್ಲ. 1990ರ ದಶಕದಲ್ಲಿ ಜಪಾನಿನ ಪೇಜರುಗಳು ಅಂಕಿಗಳನ್ನು ಮಾತ್ರ ತೋರಿಸುತ್ತಿದ್ದಾಗ ಹೈಸ್ಕೂಲು ಹುಡುಗಿಯರು ಅಂಕಿಗಳಿಂದಲೇ ಮಾತು ಕಟ್ಟಿದರು. 0840 ಎಂದರೆ ‘ಒಹಾಯೋ’, ಶುಭೋದಯ. ಅಂಕಿಗಳ ಜಪಾನೀ ಉಚ್ಚಾರಗಳನ್ನು ಜೋಡಿಸಿ ಓದಬೇಕು. ಪೇಜರಿನಲ್ಲಿದ್ದ ಹೃದಯದ ಚಿಹ್ನೆಯನ್ನು ಹಿಡಿದು ಬೆಳೆಸಿದವರೂ ಎಳೆಯರೇ. 1999ರಲ್ಲಿ ಷಿಗೆತಾಕಾ ಕುರಿತಾ ಡೊಕೊಮೊ ಕಂಪನಿಗಾಗಿ 176 ಎಮೋಜಿ ಬಿಡಿಸಿದ್ದು ಆ ನೆಲದ ಮೇಲೆ. ಇನ್ನೂ ಹಿಂದಕ್ಕೆ ಹೋದರೆ, ಹದಿನೈದರಿಂದ ಹದಿನೇಳನೆಯ ಶತಮಾನದ ಇಂಗ್ಲಿಷ್ ಖಾಸಗಿ ಪತ್ರಗಳನ್ನು ಓದಿದ ಟೆರ್ಟು ನೆವಲೈನೆನ್ ಮತ್ತು ಹೆಲೆನಾ ರೌಮೊಲಿನ್-ಬ್ರುನ್‌ಬೆರ್ಗ್ ಹದಿನಾಲ್ಕು ಭಾಷಾ ಬದಲಾವಣೆಗಳಲ್ಲಿ ಹನ್ನೊಂದನ್ನು ಹೆಂಗಸರೇ ಮೊದಲು ಹಿಡಿದರೆಂದು ಕಂಡುಕೊಂಡರು.

ಫೋನು ಯಾರ ಕಣ್ಣಿಗೆ ಬೀಳುತ್ತದೆ

ಅಮೆರಿಕ, ನಾರ್ವೆಯ ಅಧ್ಯಯನಗಳು ಒಂದನ್ನು ಹೇಳದೆಯೇ ಒಪ್ಪಿಕೊಂಡುಬಿಡುತ್ತವೆ: ಹುಡುಗಿಯ ಫೋನು ಹುಡುಗಿಯದೇ ಎಂದು. ನಮ್ಮಲ್ಲಿ ಹಾಗಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ತಾವೇ ಬಳಸುವ ಮೊಬೈಲ್ ಫೋನ್ ಇದ್ದದ್ದು 54% ಮಂದಿಗೆ. ಫೋನ್ ಇದ್ದವರಲ್ಲಿ ಎಸ್‌ಎಂಎಸ್ ಓದಬಲ್ಲವರು 71%. ಅಮ್ಮನ ಫೋನಿನಲ್ಲಿ ಕ್ಲಾಸಿನ ಗ್ರೂಪು ನೋಡುವ, ಅಣ್ಣ ಕೇಳಿದ ಕೂಡಲೇ ಲಾಕ್ ತೆಗೆದು ಕೊಡಬೇಕಾದ ಹುಡುಗಿಯ ಭಾಷೆಗೆ ಯಾವಾಗಲೂ ಇಬ್ಬರು ಓದುಗರು. ಒಬ್ಬಳು ಗೆಳತಿ, ಇನ್ನೊಬ್ಬರು ಹೆಗಲ ಹಿಂದೆ ನಿಂತವರು.

ಅಲ್ಲಿ ಕನ್ನಡ ವ್ಯಾಕರಣ ಅವಳ ಸಹಾಯಕ್ಕೆ ಬರುತ್ತದೆ. ‘ಅವನು ಬಂದಿದ್ದ’ ಎಂದರೆ ಮನೆಯಲ್ಲಿ ಪ್ರಶ್ನೆಗಳೇಳುತ್ತವೆ. ‘ಫ್ರೆಂಡ್ ಬಂದಿದ್ರು’ ಎಂದರೆ ಏಳುವುದಿಲ್ಲ. ಗೌರವದ ಬಹುವಚನಕ್ಕೆ ಗಂಡು ಹೆಣ್ಣೆಂಬುದಿಲ್ಲ. ‘ಅವರು’ ಮೇಡಮ್ಮೂ ಆಗಬಹುದು, ಸಹಪಾಠಿಯೂ ಆಗಬಹುದು. ಮರ್ಯಾದೆಗೆಂದು ಹುಟ್ಟಿದ ಪ್ರತ್ಯಯ ಇಲ್ಲಿ ಮರೆಗೆ ಪರದೆಯಾಗುತ್ತದೆ. ಹುಡುಗರೂ ಇದನ್ನು ಬಳಸುತ್ತಾರೆ. ಆದರೆ ತಪ್ಪಿ ಸಿಕ್ಕಿಬಿದ್ದರೆ ತೆರಬೇಕಾದ ಬೆಲೆ ಇಬ್ಬರಿಗೂ ಒಂದೇ ಅಲ್ಲ, ಹಾಗಾಗಿ ಎಚ್ಚರವೂ ಒಂದೇ ಅಲ್ಲ. ಫೋನ್ ಕಿತ್ತುಕೊಳ್ಳುವುದು, ಕಾಲೇಜು ಬಿಡಿಸುವುದು, ಅವಸರದ ಮದುವೆ ಇವೆಲ್ಲ ಹುಡುಗಿಯ ಕಡೆಗಿರುವ ಭಯಗಳು.

ಇನ್ನೊಂದು ಎಚ್ಚರ ಹೊರಗಿನವರ ವಿಷಯದಲ್ಲಿ. ಪರಿಚಯವಿಲ್ಲದವನ ‘ಹಾಯ್, ಊಟ ಆಯ್ತಾ’ ಬಾರದ ಹುಡುಗಿ ಸಿಗುವುದು ಕಷ್ಟ. ಗೆಳತಿಗೆ ಹತ್ತು ಸಾಲು ಬರೆಯುವವಳು ಕ್ಲಾಸಿನ ಹುಡುಗನಿಗೆ ‘ಓಕೆ’ ಎಂದು ನಿಲ್ಲಿಸುತ್ತಾಳೆ. ನಗುಮುಖ ತೆಗೆದುಹಾಕುತ್ತಾಳೆ, ಯಾಕೆಂದರೆ ಒಂದು ನಗುಮುಖದ ಸ್ಕ್ರೀನ್‌ಶಾಟು ಸಂಜೆಯೊಳಗೆ ಇಡೀ ಹಾಸ್ಟೆಲು ಸುತ್ತಬಹುದು. ‘ಥ್ಯಾಂಕ್ಯೂ ಅಣ್ಣ’, ‘ಸರಿ ಬ್ರೋ’ ಎಂದು ಬೇಲಿ ಹಾಕುತ್ತಾಳೆ. ಗೆಳತಿಗೆ ಬರೆದ ‘ಬ್ರೋ’ ಸಲುಗೆ, ಅಪರಿಚಿತನಿಗೆ ಬರೆದ ‘ಬ್ರೋ’ ಗೇಟು. ಈ ಹುಡುಗಿಯ ಸಂದೇಶಗಳನ್ನು ಒಟ್ಟಿಗೆ ಸುರಿದು ಸರಾಸರಿ ತೆಗೆದರೆ ಬರುವ ಸಂಖ್ಯೆ ಅವಳ ಯಾವ ಸಂದೇಶವನ್ನೂ ಹೋಲುವುದಿಲ್ಲ. ಗಂಡು ಹೆಣ್ಣಿನ ಮೆಸೇಜು ಭಾಷೆಯ ಭೇದ ಎಂದು ನಾವು ಕರೆಯುವುದರ ದೊಡ್ಡ ಪಾಲು ಯಾರಿಗೆ ಬರೆಯುತ್ತಿದ್ದೇವೆ, ಇನ್ನಾರು ಓದಿಯಾರು ಎಂಬುದರ ಭೇದ. ನನ್ನ ಖಚಿತ ಅಭಿಪ್ರಾಯ ಇದು. ಮುಂದಿನ ಅಧ್ಯಯನ ಇದಕ್ಕೆ ಬಲ ಕೊಡುತ್ತದೆ.

2014ರಲ್ಲಿ ಡೇವಿಡ್ ಬ್ಯಾಮನ್, ಜೇಕಬ್ ಐಸೆನ್‌ಸ್ಟೈನ್, ಟೈಲರ್ ಷ್ನೋಬೆಲೆನ್ ಎಂಬ ಮೂವರು ಅಮೆರಿಕದ ಸುಮಾರು 14 ಸಾವಿರ ಟ್ವಿಟರ್ ಬಳಕೆದಾರರ ಬರಹ ತೆಗೆದುಕೊಂಡು, ಬರೀ ಪದಗಳಿಂದ ಲಿಂಗ ಊಹಿಸಲು ಯಂತ್ರಕ್ಕೆ ಕಲಿಸಿದರು. ಯಂತ್ರ 88% ಸಲ ಸರಿಯಾಗಿ ಹೇಳಿತು. ಸಾಮಾನ್ಯವಾಗಿ ಸುದ್ದಿ ಇಲ್ಲಿಗೆ ನಿಂತು ತಲೆಬರಹವಾಗುತ್ತದೆ. ಈ ಮೂವರು ನಿಲ್ಲದೆ, ಯಂತ್ರ ಸೋತ ಜನರನ್ನು ಹುಡುಕಿಕೊಂಡು ಹೋದರು. ‘ಗಂಡಿನಂತೆ’ ಬರೆಯುವ ಹೆಂಗಸರು, ‘ಹೆಣ್ಣಿನಂತೆ’ ಬರೆಯುವ ಗಂಡಸರು ಯಾರು? ಅವರ ಗೆಳೆತನದ ಬಳಗ ನೋಡಿದಾಗ ಉತ್ತರ ಸಿಕ್ಕಿತು: ಅವರ ಬಳಗದಲ್ಲಿ ತಮ್ಮದೇ ಲಿಂಗದವರು ಕಡಿಮೆ. ಹೆಂಗಸರ ಜೊತೆ ಹೆಚ್ಚು ಒಡನಾಡುವ ಗಂಡಸಿನ ಭಾಷೆ ಆ ಕಡೆ ವಾಲಿತ್ತು, ಹೆಂಗಸಿನದು ಈ ಕಡೆ. ಅಕ್ಕಂದಿರ ನಡುವೆ ಬೆಳೆದ ತಮ್ಮನ ಮೆಸೇಜು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಬಾಯಿಮಾತಿನಲ್ಲೂ ಭೇದ ನಾವು ಎಣಿಸಿದಷ್ಟಿಲ್ಲ. ಹೆಂಗಸರು ಹೆಚ್ಚು ಮಾತಾಡುತ್ತಾರೆ ಎಂಬ ಹಳೆಯ ನಂಬಿಕೆಯನ್ನು 2007ರಲ್ಲಿ ಮಥಿಯಾಸ್ ಮೇಲ್ ಮತ್ತು ಸಂಗಡಿಗರು ರೆಕಾರ್ಡರ್ ಕಟ್ಟಿ ಅಳೆದರು. ಅಮೆರಿಕ ಮತ್ತು ಮೆಕ್ಸಿಕೊದ 396 ವಿದ್ಯಾರ್ಥಿಗಳು. ಹುಡುಗಿಯರು ದಿನಕ್ಕೆ ಸುಮಾರು 16,215 ಪದ, ಹುಡುಗರು 15,669. ಆ ಅಂತರ ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಅಂತರವೇ ಅಲ್ಲ. ಹುಡುಗರಲ್ಲೇ ಅತಿ ಮಾತಿನವನಿಗೂ ಅತಿ ಮೌನಿಗೂ ಇದ್ದ ದೂರದ ಮುಂದೆ ಅದು ಕಾಣಿಸದಷ್ಟು ಸಣ್ಣದು.

ನೀವೇ ಎಣಿಸಿ ನೋಡುವುದಾದರೆ

ಕಾಲೇಜಿನ ಕನ್ನಡ ವಿಭಾಗಗಳಿಗೆ, ಪ್ರಾಜೆಕ್ಟ್ ಹುಡುಕುವ ಬಿಎ, ಎಂಎ ವಿದ್ಯಾರ್ಥಿಗಳಿಗೆ ಇದು ಹೇಳಿಮಾಡಿಸಿದ ಕೆಲಸ. ಹಣ ಬೇಡ, ಯಂತ್ರ ಬೇಡ. ವಾಟ್ಸಾಪಿನಲ್ಲಿ ಚಾಟ್ ತೆರೆದು, ಮೆನುವಿನಲ್ಲಿ ‘ಎಕ್ಸ್‌ಪೋರ್ಟ್ ಚಾಟ್’ ಆರಿಸಿ, ಫೋಟೊ ವಿಡಿಯೊ ಬಿಟ್ಟು ಬರೀ ಪಠ್ಯವನ್ನು ಪಡೆಯಬಹುದು. ಆದರೆ ಚಾಟ್ ಎಂಬುದು ಇಬ್ಬರ ಆಸ್ತಿ. ಎರಡೂ ಕಡೆಯವರ ಒಪ್ಪಿಗೆಯಿಲ್ಲದೆ ಮುಟ್ಟಬಾರದು. ಗ್ರೂಪಾದರೆ ಪ್ರತಿಯೊಬ್ಬರದೂ ಬೇಕು. ಹೆಸರು, ನಂಬರುಗಳನ್ನು ಮೊದಲ ದಿನವೇ ಅಳಿಸಿ ಸಂಕೇತಗಳನ್ನು ಹಾಕಬೇಕು. ಮೆಸೇಜು ಬಯಲಾದರೆ ಹುಡುಗಿಯರು ತೆರುವ ಬೆಲೆಯ ಬಗ್ಗೆ ಮೇಲೆ ಹೇಳಿದ್ದನ್ನು ನೆನಪಿಡಿ.

ಒಬ್ಬರಿಂದ ನೂರು ಸಂದೇಶ ಸಾಕು, ಆದರೆ ನೂರೂ ಒಂದೇ ಚಾಟಿನವು ಆಗಬಾರದು. ಗೆಳತಿಗೆ, ಗೆಳೆಯನಿಗೆ, ಅಮ್ಮನಿಗೆ, ಮೇಷ್ಟ್ರಿಗೆ ಬರೆದವು ಬೇರೆಬೇರೆಯಾಗಿ ಬೇಕು. ಅದಿಲ್ಲದಿದ್ದರೆ ಇಡೀ ಶ್ರಮ ವ್ಯರ್ಥ. ಪದಗಳ ಸಂಖ್ಯೆ, ಸಂಬೋಧನೆ, ಎಳೆದ ಸ್ವರ, ಎಮೋಜಿ, ಕೊನೆಯ ಚುಕ್ಕೆ, ಕನ್ನಡ ಲಿಪಿಯೋ ಇಂಗ್ಲಿಷ್ ಲಿಪಿಯೋ ಎಂಬುದಕ್ಕೆ ಒಂದೊಂದು ಕಲಂ ಹಾಕಿ. ಉದ್ದ ಎಣಿಸುವಾಗ ಒಂದು ಹಳ್ಳ ಇದೆ. ಎಷ್ಟೋ ಜನ ಒಂದೇ ವಾಕ್ಯವನ್ನು ‘ಏನಂದ್ರೆ’, ‘ನಾಳೆ’, ‘ಬರೋಕಾಗಲ್ಲ’ ಎಂದು ಮೂರು ತುಂಡು ಮಾಡಿ ಕಳಿಸುತ್ತಾರೆ. ಒಂದೊಂದು ತುಂಡನ್ನೂ ಬೇರೆ ಸಂದೇಶವೆಂದು ಎಣಿಸಿದರೆ ಅವರು ಚುಟುಕಿನವರಂತೆ ಕಾಣುತ್ತಾರೆ. ಎದುರಿನವರು ಬಾಯಿ ಹಾಕುವವರೆಗಿನ ಎಲ್ಲವನ್ನೂ ಒಂದು ಸರದಿ ಎಂದು ಹಿಡಿಯಿರಿ. ಸರಾಸರಿಗಿಂತ ಮಧ್ಯದ ಸಂಖ್ಯೆ (ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸಿದಾಗ ನಟ್ಟನಡುವೆ ಬರುವುದು) ನಂಬಿಕೆಯದು, ಯಾಕೆಂದರೆ ಹುಟ್ಟುಹಬ್ಬಕ್ಕೆ ಬರೆದ ಒಂದು ನೀಳ್ಗವಿತೆ ಸರಾಸರಿಯನ್ನು ಎತ್ತಿಹಾಕಬಲ್ಲದು.

ಎಣಿಕೆ ಮುಗಿದ ಮೇಲೆ ಪಟ್ಟಿಯನ್ನು ಎರಡು ಸಲ ವಿಂಗಡಿಸಿ. ಮೊದಲು ಬರೆದವರು ಗಂಡೋ ಹೆಣ್ಣೋ ಎಂಬುದರ ಮೇಲೆ, ಆಮೇಲೆ ಯಾರಿಗೆ ಬರೆದದ್ದು ಎಂಬುದರ ಮೇಲೆ. ಯಾವ ವಿಂಗಡಣೆಯಲ್ಲಿ ಸಂಖ್ಯೆಗಳು ಹೆಚ್ಚು ದೂರ ಸರಿಯುತ್ತವೆ ನೋಡಿ ಬರೆದಿಟ್ಟುಕೊಳ್ಳಿ. ಪಠ್ಯದ ಫೈಲನ್ನು ಆ ದಿನವೇ ಅಳಿಸಿಬಿಡಿ.